ಪೇಪರ್‌ವೇಟಿನಿಂದ ಕಾಂಕಾರ್ಡಿನವರೆಗೆ: ಪಿಸ್ಟನ್ ಲೋಹದ ಕಥೆ

1913ರಲ್ಲಿ ಡಬ್ಲ್ಯು. ಓ. ಬೆಂಟ್ಲಿ ಪ್ಯಾರಿಸ್ ಬಳಿಯ ಡಿಎಫ್‌ಪಿ ಕಾರು ಕಾರ್ಖಾನೆಗೆ ಹೋಗಿದ್ದ. ಅಣ್ಣನ ಜೊತೆ ಲಂಡನ್ನಿನಲ್ಲಿ ಆ ಕಾರುಗಳನ್ನು ಮಾರುವುದು ಅವನ ವ್ಯಾಪಾರ. ಅಲ್ಲಿ ಮೇಜಿನ ಮೇಲೆ ಪಿಸ್ಟನ್ನಿನ ಆಕಾರದ ಅಲ್ಯೂಮಿನಿಯಂ ಪೇಪರ್‌ವೇಟ್ ಒಂದು ಕಣ್ಣಿಗೆ ಬಿತ್ತು. ಆಗ ಪಿಸ್ಟನ್ ಎಂದರೆ ಸಾಮಾನ್ಯವಾಗಿ ಕಬ್ಬಿಣ ಅಥವಾ ಉಕ್ಕು. ಅಲ್ಯೂಮಿನಿಯಂ ಹಗುರ, ಕಾವನ್ನು ಬೇಗ ದಾಟಿಸುತ್ತದೆ. ಆದರೆ ಎಂಜಿನ್ನಿನ ಬೆಂಕಿಗೆ ತಾಳೀತೇ ಎಂಬ ಅಳುಕು ಎಲ್ಲರಿಗೂ ಇತ್ತು. ಬೆಂಟ್ಲಿ ಶೇ. 12ರಷ್ಟು ತಾಮ್ರ ಬೆರೆಸಿ ಪಿಸ್ಟನ್ ಮಾಡಿಸಿದ. ಅವು ತಾಳಿದವು. ಮರುವರ್ಷ ಯುದ್ಧ ಶುರುವಾದಾಗ ವಿಮಾನದ ಎಂಜಿನ್ ತಯಾರಕರಿಗೆ ಈ ಗುಟ್ಟನ್ನು ತಲುಪಿಸಿದವನೂ ಅವನೇ.

ಅದೇ ಯುದ್ಧಕಾಲದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯ 'ವೈ' ಮಿಶ್ರಲೋಹವನ್ನು ರೂಪಿಸಿತು: ಶೇ. 4 ತಾಮ್ರ, 2 ನಿಕಲ್, 1.5 ಮೆಗ್ನೀಸಿಯಂ. ಕಾದಾಗಲೂ ಬಲ ಕಳೆದುಕೊಳ್ಳದಿರುವುದು ಅದರ ಗುಣ. ರೋಲ್ಸ್-ರಾಯ್ಸ್ ಅದನ್ನು ಬೆಳೆಸಿ 'ಆರ್‌ಆರ್' ಸರಣಿಯ ಲೋಹಗಳನ್ನು ತಂದಿತು. ಅವುಗಳಲ್ಲೊಂದಾದ ಆರ್‌ಆರ್58, ಶಬ್ದದ ಎರಡರಷ್ಟು ವೇಗದಲ್ಲಿ ಹಾರಿ ಮೈ ಕಾಯಿಸಿಕೊಳ್ಳುತ್ತಿದ್ದ ಕಾಂಕಾರ್ಡ್ ವಿಮಾನದ ಹೊದಿಕೆಯಾಯಿತು. ಇಂದು ರೇಸಿಂಗ್ ಪಿಸ್ಟನ್ ಮಾರುವವರ ಪಟ್ಟಿಯಲ್ಲಿ ಕಾಣುವ 2618 ಎಂಬ ಸಂಖ್ಯೆ ಇದೇ ಕುಲದ್ದು.

1977ರಲ್ಲಿ ಸಾಬ್ ಕಂಪನಿ 99 ಟರ್ಬೊ ಕಾರನ್ನು ತೋರಿಸಿತು. ಎರಡು ಲೀಟರಿನ ಎಂಜಿನ್, 145 ಅಶ್ವಶಕ್ತಿ. ಅಂಥ ಹಳೆಯ ಟರ್ಬೊ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುವವನ ಮುಂದೆ ಇಂದು ಮೂರು ದಾರಿಗಳಿವೆ: ಎರಕದ ಪಿಸ್ಟನ್, 4032 ಫೋರ್ಜ್ಡ್, 2618 ಫೋರ್ಜ್ಡ್.

ತಲೆಗೆ ನೀರೆರೆಯುವ 'ಎರೆ'ಯಿಂದಲೇ ಬಂದದ್ದು 'ಎರಕ': ಕರಗಿಸಿ ಅಚ್ಚಿಗೆ ಹೊಯ್ದದ್ದು. ಫೋರ್ಜ್ಡ್ ಎಂದರೆ ಕಾದ ಗಟ್ಟಿ ಲೋಹವನ್ನು ಅಚ್ಚಿನಲ್ಲಿ ಭಾರಿ ಒತ್ತಡದಿಂದ ಅದುಮಿದ್ದು. ಒಳಗಿನ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಟರ್ಬೊ ಒತ್ತಡ ಹೆಚ್ಚಿ ಇಂಧನ ಅಕಾಲದಲ್ಲಿ ಸಿಡಿದರೆ ಎರಕದ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಚೂರಾಗಿ ಬೀಳಬಹುದು. ಫೋರ್ಜ್ಡ್ ಆ ಪೆಟ್ಟನ್ನು ಹೆಚ್ಚು ಹೊತ್ತು ತಡೆಯುತ್ತದೆ.

ಹಾಗೆಂದು ಗಟ್ಟಿಯಾದದ್ದೇ ಯಾವಾಗಲೂ ಸರಿ ಎನ್ನುವಂತಿಲ್ಲ. 4032ರಲ್ಲಿ ಸುಮಾರು ಶೇ. 12 ಸಿಲಿಕಾನ್ ಇದೆ; ಅದು ಕಾದಾಗ ಹಿಗ್ಗುವುದನ್ನು ಕಡಿಮೆ ಮಾಡುತ್ತದೆ, ಸವೆತವನ್ನೂ ತಡೆಯುತ್ತದೆ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಪೆಟ್ಟಿಗೆ ಒಡೆಯದೆ ಬಾಗಿಕೊಡುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಸಿಲಿಂಡರಿನಲ್ಲಿ ಹೆಚ್ಚು ಸಡಿಲ ಬಿಡಬೇಕು. ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿದು ಕಟಕಟ ಸದ್ದು ಮಾಡುತ್ತದೆ, ರಿಂಗಿನ ಗಾಡಿಯೂ ಬೇಗ ಸವೆಯುತ್ತದೆ. ರೇಸಿಗೆ ಅದು ದೊಡ್ಡ ಮಾತಲ್ಲ. ಅಲ್ಲಿ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚುತ್ತಾರೆ. ದಿನಾ ಬೆಳಿಗ್ಗೆ ಕಚೇರಿಗೆ ಹೋಗಬೇಕಾದ ಕಾರಿಗೆ 4032, ಒತ್ತಡ ಮೂಲದಷ್ಟೇ ಇದ್ದರೆ ಒಳ್ಳೆಯ ಎರಕದ್ದೂ ಸಾಕು.

ಎಲ್ಲಕ್ಕಿಂತ ಮೊದಲು ಹಳೆಯ ಪಿಸ್ಟನ್ ಏಕೆ ಒಡೆಯಿತು ಎಂಬುದನ್ನು ನೋಡಬೇಕು. ಇಂಧನ ಸಾಲದೆ ಅಥವಾ ಕಿಡಿ ಬೇಗ ಹೊತ್ತಿ ಒಡೆದಿದ್ದರೆ, ಆ ದೋಷ ಹೊಸದನ್ನೂ ಬಿಡುವುದಿಲ್ಲ. ಕಾಂಕಾರ್ಡಿನ ಮೈಗೆ ಒಗ್ಗಿದ ಲೋಹವಾದರೂ ಅಲ್ಯೂಮಿನಿಯಮ್ಮೇ. ಬೆಂಕಿ ಹದ ತಪ್ಪಿದರೆ ಕರಗುತ್ತದೆ.