ಮಿದುಳಿನ ಚಿತ್ರ, ಮದ್ದಿನ ಫಲ

ಮನೆಯಲ್ಲೊಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ ನಾವು ಗ್ರಹಚಾರವೆನ್ನುತ್ತೇವೆ. ಪಶ್ಚಿಮದ ಕೆಲವು ಪಂಡಿತರಾದರೋ 1948ರಿಂದ ಬಹುಕಾಲ ಹೆತ್ತ ತಾಯಿಯನ್ನೇ ದೂರಿದರು!

ಆ ಅಪವಾದವನ್ನು ಸಡಿಲಿಸಿದ್ದರಲ್ಲಿ ಲಂಡನ್ ಬಳಿಯ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಪಾಲು ದೊಡ್ಡದು. ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು ಆಗಿನ್ನೂ ಹೊಸದಾಗಿದ್ದ ಸಿ.ಟಿ. ಯಂತ್ರದಲ್ಲಿ 17 ಮಂದಿ ಹಳೆಯ ರೋಗಿಗಳ ಮಿದುಳನ್ನು ಚಿತ್ರಿಸಿದರು. ಮಿದುಳಿನೊಳಗೆ ದ್ರವ ತುಂಬಿರುವ ಕುಹರಗಳು ಆರೋಗ್ಯವಂತರಿಗಿಂತ ಹಿಗ್ಗಿದ್ದವು. ವರದಿ 1976ರಲ್ಲಿ ಪ್ರಕಟವಾಯಿತು.

1980ರಲ್ಲಿ ಕ್ರೋ ಇನ್ನೂ ಮುಂದೆ ಹೋದರು: ಭ್ರಮೆಗಳಿಗೆ, ಇಲ್ಲದ ದನಿ ಕೇಳುವುದಕ್ಕೆ ಮದ್ದು ನಾಟುತ್ತದೆ, ಮಾತು ಬತ್ತಿ, ಮನಸ್ಸು ಮಂಕಾಗಿ, ಕುಹರ ಹಿಗ್ಗಿದವರಿಗೆ ಅಷ್ಟಾಗಿ ನಾಟದು. ಅದೇ ವರ್ಷ ಅಮೆರಿಕದ ವೈನ್‌ಬರ್ಗರ್ ತಂಡವೂ ದೊಡ್ಡ ಕುಹರವಿದ್ದವರಲ್ಲಿ ಮದ್ದಿನ ಫಲ ಕಡಿಮೆಯೆಂದಿತು.

ಹಾಗಾದರೆ ಚಿತ್ರ ನೋಡಿಯೇ ಮಾತ್ರೆ ಬರೆಯಬಹುದಲ್ಲ? ನಮಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಮುಂದಿನ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ. ಗುಂಪಿನ ಸರಾಸರಿಯಲ್ಲಿ ಕಂಡದ್ದು ಎದುರಿಗೆ ಕುಳಿತ ಒಬ್ಬ ರೋಗಿಯಲ್ಲಿ ಕಾಣಬೇಕೆಂದಿಲ್ಲ. ಆರೋಗ್ಯವಂತರಲ್ಲೂ ದೊಡ್ಡ ಕುಹರದವರುಂಟು. ಎಂ.ಆರ್.ಐ. ಬಂದ ಮೇಲೂ ಪ್ರಯತ್ನಗಳು ನಡೆದೇ ಇವೆ. ಇಂದಿಗೂ ವೈದ್ಯರು ಮಾತ್ರೆ ಕೊಟ್ಟು, ಕೆಲವು ವಾರ ಕಾದು ನೋಡುತ್ತಾರೆ. ಸ್ಕ್ಯಾನ್ ಬರೆದುಕೊಟ್ಟರೆ, ಅದು ಬಹುಮಟ್ಟಿಗೆ ಗಡ್ಡೆಯಂಥ ಬೇರೆ ಕಾಯಿಲೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು.