ಅಪ್ಪನ ಕೋವಿ ಮಗನದಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಎತ್ತು, ಗಾಡಿ, ನೇಗಿಲು ಕೈಬದಲಾಗಲು ಇಬ್ಬರ ಒಪ್ಪಿಗೆ ಸಾಕು. ಬೆಳೆಗೆ ನುಗ್ಗುವ ಹಂದಿಯನ್ನು ಬೆದರಿಸಲು ಇಟ್ಟುಕೊಂಡ ಕೋವಿಯನ್ನು ಮಾತ್ರ ಹಾಗೆ ಮಾರುವಂತಿಲ್ಲ. ಕೊಳ್ಳುವವನು ಪಕ್ಕದ ಹೊಲದವನೇ ಆದರೂ ನಡುವೆ ಸರ್ಕಾರ ಬಂದು ನಿಲ್ಲುತ್ತದೆ. ಇದರ ಹಿಂದೆ ಒಂದೂವರೆ ಶತಮಾನಕ್ಕೂ ಮೀರಿದ ಕಥೆಯಿದೆ.

1857ರ ದಂಗೆಯ ವರ್ಷ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಹಳ್ಳಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆದರೆ ಕೊಡವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಅದು ಇಂದಿಗೂ ಮುಂದುವರಿದಿದೆ. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಅದರ ಬಿಸಿ ತಟ್ಟಿದ್ದು ಭಾರತೀಯರಿಗೆ; ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಈ ತಾರತಮ್ಯ ರಾಷ್ಟ್ರೀಯ ಚಳವಳಿಯನ್ನು ಕೆರಳಿಸಿತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕು ಎಂದು ಸೇರಿಸಲಾಯಿತು.

1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಹಕ್ಕನ್ನು ಮೂಲಭೂತ ಹಕ್ಕಾಗಿಸಲು ತಿದ್ದುಪಡಿ ತಂದವರು ಮಂಗಳೂರು ಮೂಲದ ಎಚ್.ವಿ. ಕಾಮತ್. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಕಟ್ಟುಪಾಡಿಲ್ಲದೆ ಎಲ್ಲರ ಕೈಗೂ ಆಯುಧ ಸಿಗುವಂತಾಗಬಾರದು ಎಂಬುದು ಅವರ ನಿಲುವು. ತಿದ್ದುಪಡಿ ಬಿದ್ದುಹೋಯಿತು. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಶಸ್ತ್ರಾಸ್ತ್ರ ಕಾಯ್ದೆ ಮಾಡಿಕೊಂಡಿತು.

ಈ ಕಾಯ್ದೆ ರೈತನನ್ನು ಮರೆಯಲಿಲ್ಲ. ನಿಜವಾಗಿ ಬೆಳೆ ಕಾಯುವವನಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿತು. ಆದರೆ ಮೊದಲು ಪರವಾನಗಿ, ಆಮೇಲೆ ಕೋವಿ. ವ್ಯಾಪಾರಿಗೂ ಮಾರಾಟದ ಪರವಾನಗಿ ಬೇಕು. ಸ್ವಂತಕ್ಕೆ ಇಟ್ಟುಕೊಂಡದ್ದನ್ನು ಮಾರುವ ಖಾಸಗಿ ವ್ಯಕ್ತಿಗೆ ಅದು ಬೇಡ. ಆದರೆ ಕೊಳ್ಳುವವನ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನಿಗೆ ಕೋವಿ ಇಟ್ಟುಕೊಳ್ಳುವ ಅಧಿಕಾರ ಇದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆಯೂ ಮಾರುವವನದೇ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಂಡರೆ 2ರಿಂದ 5 ವರ್ಷ ಸಜೆ.

ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಂತಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಂತೂ ಕೊಂಡುಕುರಿಗಳ ವನ್ಯಧಾಮವೇ ಇದೆ.

ಹಳ್ಳಿಯವರು ಹೆಚ್ಚು ಎಡವುವುದು ಬೇರೆ ಕಡೆ. ಯಜಮಾನ ತೀರಿಕೊಂಡಾಗ ಹೊಲ, ಮನೆ ಮಗನಿಗೆ ಬರುತ್ತವೆ. ಅಟ್ಟದ ಮೇಲಿನ ಕೋವಿಯ ಪರವಾನಗಿ ಬರುವುದಿಲ್ಲ. ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ತನ್ನ ಹೆಸರಿಗೆ ಪರವಾನಗಿ ಕೇಳಬೇಕು. ಇದನ್ನು ಅರಿಯದವನಿಗೆ ಅಪ್ಪನ ನೆನಪಿನ ಕೋವಿಯೇ ಅಪರಾಧದ ಸಾಕ್ಷಿಯಾದೀತು.