ಯಂತ್ರಕ್ಕೆ ಕೇಳದ ಸಾಲೋಟಗಿಯ ನಿಧಿ

ನಮ್ಮ ಇಂಡಿ ಕಡೆ ಹಳೆ ಗುಡಿ ಇದ್ದಲ್ಲೆಲ್ಲ ನಿಧಿಯ ಮಾತು ಇದ್ದೇ ಇರುತ್ತದೆ. ಮೊದಲು ಅಂಜನ ಹಾಕಿಸುತ್ತಿದ್ದರು, ಈಗ ಮೆಟಲ್ ಡಿಟೆಕ್ಟರ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಈ ಯಂತ್ರ ಹುಟ್ಟಿದ್ದು ನಿಧಿಗಾಗಿ ಅಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೊಂದನ್ನು ಬಳಸಿದ. ಗುಂಡು ಸಿಗಲಿಲ್ಲ, ಅಧ್ಯಕ್ಷ ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬ್ ಹುಡುಕಲು ಇದು ಸೈನಿಕರ ಕೈಗೆ ಬಂತು.

ತುದಿಯಲ್ಲಿರುವ ಬಳೆಯಂಥ ಕಾಯಿಲ್ ನೆಲದೊಳಗೆ ಕಾಂತದ ಅಲೆ ಕಳಿಸುತ್ತದೆ; ಲೋಹ ಇದ್ದರೆ ಸದ್ದು. ದೊಡ್ಡ ಕಾಯಿಲ್ ಆಳಕ್ಕೆ ಹೋಗುತ್ತದೆ, ಸಣ್ಣ ವಸ್ತು ಬಿಟ್ಟುಬಿಡುತ್ತದೆ. ಸಣ್ಣ ಕಾಯಿಲ್‌ಗೆ ಸಣ್ಣದು ಸಿಗುತ್ತದೆ, ಆಳ ಸಿಗದು. ಫ್ರೀಕ್ವೆನ್ಸಿಯೂ ಹಾಗೆಯೇ: 5 ಕಿಲೋಹರ್ಟ್ಸ್ ಆಸುಪಾಸು ಆಳದ ದೊಡ್ಡ ಲೋಹಕ್ಕೆ, 20ರ ಮೇಲೆ ಚಿನ್ನದ ಚೂರಿಗೆ. ಒಂಟಿ ನಾಣ್ಯವಾದರೆ ಗೇಣು ಆಳ ದಾಟಿದ ಮೇಲೆ ಕಷ್ಟವೇ. ನಮ್ಮ ಎರಿ ಮಣ್ಣು ಕರಿಕಲ್ಲು ಸವೆದು ಆದದ್ದು. ಅದರ ಕಬ್ಬಿಣದ ಅಂಶಕ್ಕೇ ಯಂತ್ರ ಸುಳ್ಳು ಸದ್ದು ಮಾಡಬಲ್ಲದು. ಆ ಸದ್ದು ನಂಬಿ ಗುಂಡಿ ತೋಡಿದರೆ ಹಾಳಾಗುವುದು ಗುಡಿ.

ಯಾವ ಕಾಯಿಲ್‌ಗೂ ಕೇಳದ ನಿಧಿ ನಮ್ಮ ತಾಲ್ಲೂಕಿನ ಸಾಲೋಟಗಿಯಲ್ಲಿ ಸಿಕ್ಕಿತು: ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದ ಕಂಬ. ಇಲ್ಲಿ ಶಾಲೆಯಿತ್ತು, ನಾನಾ ನಾಡಿನ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗೆ 27 ಮನೆಗಳಿದ್ದವು ಎಂದು ಹೇಳಿದ್ದು ಆ ಕಲ್ಲೇ. ಚಿನ್ನದಾಸೆಗೆ ಯಾರಾದರೂ ಅದನ್ನು ಒಡೆದಿದ್ದರೆ?

ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕದಲ್ಲಿ 1962ರ ಕಾಯ್ದೆಯೇ ಇದೆ. ಹೊಲದಲ್ಲಿ ಅಕ್ಷರದ ಕಲ್ಲು ಕಂಡರೆ ಫೋಟೊ ತೆಗೆಯಿರಿ, ತಹಶೀಲ್ದಾರರಿಗೆ ತಿಳಿಸಿರಿ. ಗುದ್ದಲಿ ಮಾತ್ರ ಹಚ್ಚಬೇಡಿ.